ಮ್ಯಾಲೆ ಎಷ್ಟ ಬಿದ್ದೈತಿ?

ನಮ್ಮ ಕಡೆ ಹಳ್ಳ ತುಂಬಿತು ಅನ್ನುವುದಿಲ್ಲ. ಹಳ್ಳ ಬಂತು ಅನ್ನುತ್ತೇವೆ, ನೆಂಟರು ಬಂದ ಹಾಗೆ. ಎಲ್ಲಿಂದಲೋ ಹೊರಟು, ಊರೂರು ದಾಟಿ, ನಮ್ಮಲ್ಲಿಗೆ ಬಂದು ಒಂದೆರಡು ದಿನ ಇದ್ದು ಹೋಗುತ್ತದೆ. ಬೆಣ್ಣಿಹಳ್ಳದ ದಂಡೆಯ ಊರಿನಲ್ಲಿ ಹುಟ್ಟಿದವಳು ನಾನು. ಈಗ ನವಲಗುಂದ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ಮಳೆಗಾಲದಲ್ಲೂ ನಾನು ಕೇಳುವ ಪ್ರಶ್ನೆ ಒಂದೇ. ಹಳ್ಳ ಹೊರಟಿದೆಯಾ? ಹೊರಟಿದ್ದರೆ ಯಾವಾಗ ಬರುತ್ತದೆ?

ಇದೆಲ್ಲ ಶುರುವಾಗಿದ್ದು ನಮ್ಮ ಕಾಕಾನ ಒಂದು ರಾತ್ರಿಯಿಂದ.

ಹಸ್ತ ಮಳೆ ನಡೆದಿತ್ತು. ಕಾಕಾ ಉಳ್ಳಾಗಡ್ಡಿ ಕಿತ್ತು ಹೊಲದಲ್ಲೇ ರಾಶಿ ಹಾಕಿದ್ದ. ರಾಶಿ ಕಾಯಲು ರಾತ್ರಿ ಗುಡಿಸಲಿನಲ್ಲೇ ಮಲಗುತ್ತಿದ್ದ. ಎತ್ತುಗಳನ್ನೂ ಅಲ್ಲೇ ಗೂಟಕ್ಕೆ ಕಟ್ಟಿದ್ದ. ಅವತ್ತು ನಮ್ಮೂರಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮೇಲೆ ಚುಕ್ಕಿ ಕಾಣುತ್ತಿದ್ದವು. ಹುಬ್ಬಳ್ಳಿ ದಿಕ್ಕಿಗೆ ದೂರದಲ್ಲಿ ಮಿಂಚುತ್ತಿತ್ತು, ಅಷ್ಟೇ. ಗುಡುಗು ಕೇಳುತ್ತಿರಲಿಲ್ಲ.

ರಾತ್ರಿ ಎರಡರ ಸುಮಾರಿಗೆ ಸಪ್ಪಳಕ್ಕೆ ಎಚ್ಚರವಾಯಿತಂತೆ. ಮೊದಲು ರಸ್ತೆಯಲ್ಲಿ ಲಾರಿ ಹೋಗುತ್ತಿದೆ ಅಂದುಕೊಂಡ. ಹೊರಸಿನಿಂದ ಕಾಲು ಇಳಿಸಿದರೆ ನೀರು. ಟಾರ್ಚ್ ಹುಡುಕುವಷ್ಟರಲ್ಲಿ ಮೊಣಕಾಲಿಗೆ ಬಂತು, ಹೊರಗೆ ಬರುವಷ್ಟರಲ್ಲಿ ಸೊಂಟಕ್ಕೆ. ಹತ್ತಿರದ ಜಾಲಿ ಗಿಡ ಹತ್ತಿ ಕೂತ. ಎತ್ತಿನ ಗೂಟ ಇಪ್ಪತ್ತು ಹೆಜ್ಜೆ ಆಚೆ ಇತ್ತು. ಬೆಳಗಾಗುವವರೆಗೆ ಇಳಿಯಲು ಆಗಲಿಲ್ಲ. ಆ ಎರಡು ಎತ್ತು ಎಷ್ಟು ಹೊತ್ತು ಒದರಿದವು ಅನ್ನುವುದನ್ನು ಕಾಕಾ ನಮಗೆ ಹೇಳಿಲ್ಲ. ನಾವೂ ಕೇಳಿಲ್ಲ. "ಹಗ್ಗಾ ಬಿಚ್ಚಾಕ ಆಗ್ಲಿಲ್ಲ ನೋಡವ್ವಾ" ಅಂತ ಮಾತ್ರ ಈಗಲೂ ಅನ್ನುತ್ತಾನೆ.

ನನ್ನನ್ನು ಬಹಳ ದಿನ ಕಾಡಿದ್ದು ಇನ್ನೊಂದು ಸಂಗತಿ. ಅವತ್ತು ಸಂಜೆಯೇ ಕಾಕಾನ ಮಗನ ಫೋನಿಗೆ ಸಂದೇಶ ಬಂದಿತ್ತು. ಧಾರವಾಡ ಜಿಲ್ಲೆಯ ಕೆಲವು ಕಡೆ ಗುಡುಗು ಸಹಿತ ಭಾರಿ ಮಳೆಯಾಗುವ ಸಾಧ್ಯತೆ ಇದೆ ಅಂತ. ಅವನು ಓದಿದ್ದ, ಹೊರಗೆ ಬಂದು ಆಕಾಶ ನೋಡಿದ್ದ. ಮೋಡ ಇರಲಿಲ್ಲ. ಫೋನ್ ಜೇಬಿಗೆ ಹಾಕಿಕೊಂಡು ಊಟಕ್ಕೆ ಕೂತ. ಅವನದೇನೂ ತಪ್ಪಿಲ್ಲ. ಸಂದೇಶವೂ ತಪ್ಪಾಗಿರಲಿಲ್ಲ, ಭಾರಿ ಮಳೆ ಬಿದ್ದೇ ಬಿತ್ತು. ಆದರೆ ಬಿದ್ದಿದ್ದು ಮೇಲಿನ ಊರುಗಳಲ್ಲಿ. ಸಂದೇಶ ಮಳೆಯ ಬಗ್ಗೆ ಹೇಳಿತ್ತು. ಕಾಕಾನಿಗೆ ಬೇಕಾಗಿದ್ದು ಹಳ್ಳದ ಸುದ್ದಿ.

ಹವಾಮಾನ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ ಅಂದರೆ 24 ತಾಸಿನಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರ್. ಅದರ ಮೇಲೆ 204.4ರವರೆಗೆ ಅತಿ ಭಾರಿ. ಈ ಲೆಕ್ಕ ಬೇಕು, ಇಲ್ಲದಿದ್ದರೆ ದೇಶಕ್ಕೆಲ್ಲ ಒಂದೇ ಅಳತೆ ಇರುವುದಿಲ್ಲ. ಆದರೆ 64.5 ಅಂದರೆ ನಮ್ಮ ಹಣಮಪ್ಪನ ಗುಡಿಯ ಎಷ್ಟನೇ ಮೆಟ್ಟಿಲು? ಇದನ್ನು ಬೆಂಗಳೂರಿನಲ್ಲಿ ಕೂತವರು ಹೇಳಲು ಆಗುವುದಿಲ್ಲ. ನಾವೇ ಅಳೆದು ಹೇಳಬೇಕು. ನಾನು ಮತ್ತು ನನ್ನ ಮಕ್ಕಳು ಅಂದರೆ ಶಾಲೆಯ ಮಕ್ಕಳು, ಕೆಲವು ವರ್ಷಗಳಿಂದ ಮಾಡುತ್ತಿರುವುದು ಇಷ್ಟೇ ಕೆಲಸ.

ಹಳ್ಳದ ದಾರಿ ಮೊದಲು ಹೇಳುತ್ತೇನೆ. ಬೆಣ್ಣಿಹಳ್ಳ ಹುಟ್ಟುವುದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ದುಂಡಶಿ ಕಡೆ. ಅಲ್ಲಿಂದ ಕುಂದಗೋಳ, ಹುಬ್ಬಳ್ಳಿ ಸೀಮೆ ದಾಟಿ ನವಲಗುಂದಕ್ಕೆ ಬರುತ್ತದೆ. ಹುಬ್ಬಳ್ಳಿ ಊರಿನ ನಾಲಾ ನೀರೂ ಇದಕ್ಕೇ ಸೇರುತ್ತದೆ. ಆ ಕಡೆ ಧಾರವಾಡದ ದಿಕ್ಕಿನಿಂದ ತುಪ್ಪರಿಹಳ್ಳ ಬಂದು ಕೂಡುತ್ತದೆ. ಮುಂದೆ ಗದಗ ಜಿಲ್ಲೆಗೆ ಹೋಗಿ ರೋಣ ತಾಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದು ಹಳ್ಳವೇ ಅನ್ನಿಸುತ್ತದೆ. ಅಲ್ಲಲ್ಲಿ ಗುಂಡಿಯಲ್ಲಿ ನೀರು, ಉಳಿದಿದ್ದೆಲ್ಲ ಜಾಲಿ ಕಂಟಿ. ಯಮನೂರು ಜಾತ್ರೆಗೆ ಹೋದವರು ಅಲ್ಲಿ ಸ್ನಾನ ಮಾಡಿದ್ದು ನೆನಪಿರಬಹುದು. ಆ ನೀರು ಒಂದು ರಾತ್ರಿಯಲ್ಲಿ ಅರ್ಧ ಮೈಲಿ ಅಗಲ ಹರಡಿಕೊಳ್ಳುತ್ತದೆ ಅಂದರೆ ಹೊರಗಿನವರು ನಂಬುವುದು ಕಷ್ಟ.

ಹರಡುವುದಕ್ಕೆ ಕಾರಣ ನಮ್ಮ ನೆಲ. ಎರೆ ಭೂಮಿ, ಚಪ್ಪಟೆ. ಹಳ್ಳಕ್ಕೆ ಇಳಿಜಾರು ಕಡಿಮೆ, ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ದಂಡೆ ಮೀರಿದರೆ ತಡೆಯಲು ಒಂದು ದಿಬ್ಬವೂ ಇಲ್ಲ. ಇನ್ನು ಎರೆ ಮಣ್ಣಿನ ಗುಣ ನಮ್ಮ ರೈತರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೀರು ಕುಡಿದರೆ ಉಬ್ಬಿ ಬಿರುಕು ಮುಚ್ಚುತ್ತದೆ. ಆಮೇಲೆ ಅದು ನೀರನ್ನು ಒಳಗೆ ಬಿಡುವುದೇ ಇಲ್ಲ ಅನ್ನುವಷ್ಟು ನಿಧಾನ. ಆ ಮಣ್ಣಿನ ಜೇಡಿ ಕಣಗಳು ಬಹಳ ಸಣ್ಣವು, ಹಾಳೆ ಹಾಳೆಯಾಗಿ ಜೋಡಿಸಿದ ಹಾಗಿರುತ್ತವೆ. ಆ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಹಿಗ್ಗುತ್ತದೆ, ಸಂದುಗಳೆಲ್ಲ ಮುಚ್ಚುತ್ತವೆ. ಅದಕ್ಕೇ ರೋಹಿಣಿ ಮಳೆಯಲ್ಲಿ ಬಿದ್ದ 50 ಮಿಲಿಮೀಟರ್ ಬೇರೆ, ಹಸ್ತದಲ್ಲಿ ಬಿದ್ದ 50 ಮಿಲಿಮೀಟರ್ ಬೇರೆ. ಮೊದಲನೆಯದನ್ನು ಭೂಮಿ ಕುಡಿಯುತ್ತದೆ. ಎರಡನೆಯದು ಹಳ್ಳಕ್ಕೆ ಹೋಗುತ್ತದೆ.

50 ಮಿಲಿಮೀಟರ್ ಅಂದರೆ ಎಷ್ಟು ನೀರು? ಮಕ್ಕಳಿಗೆ ನಾನು ಈ ಲೆಕ್ಕ ಮಾಡಿಸುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ 1 ಲೀಟರ್. ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಲೀಟರ್. 50 ಬಿದ್ದರೆ 5 ಕೋಟಿ ಲೀಟರ್. ಬೇಸಿಗೆಯಲ್ಲಿ ನಮ್ಮೂರಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 10 ಸಾವಿರ ಟ್ಯಾಂಕರ್. ಅದು ಒಂದೇ ಒಂದು ಚದರ ಕಿಲೋಮೀಟರಿನ ನೀರು. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತ ಮಕ್ಕಳಿಗೆ ಈ ಲೆಕ್ಕ ಥಟ್ಟನೆ ತಿಳಿಯುತ್ತದೆ.

ನಮ್ಮದು ಬರದ ಸೀಮೆ. ಮಲಪ್ರಭೆಯ ಕಾಲುವೆ ನೀರಿನ ಕರಕ್ಕಾಗಿ 1980ರಲ್ಲಿ ನವಲಗುಂದದ ರೈತರು ಬಂಡೆದ್ದರು. ಈಗಲೂ ಮಹದಾಯಿ ನೀರಿಗಾಗಿ ಹೋರಾಟ ನಡೆದೇ ಇದೆ. ಹೀಗೆ ನೀರಿನ ದಾರಿ ಕಾಯುತ್ತಲೇ ಬದುಕಿದ ಜನಕ್ಕೆ ನೀರಿನ ಭಯ ಬೇಗ ಬರುವುದಿಲ್ಲ. ಹಳ್ಳ ಬಂದರೆ ನೋಡಲು ಓಡುತ್ತೇವೆ. ಚಿಕ್ಕವಳಿದ್ದಾಗ ನಾನೂ ಓಡಿದ್ದೇನೆ. 2009ರಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಆ ಮಳೆ ನಮ್ಮ ಅಭ್ಯಾಸ ಮುರಿಯಿತು. ಆಮೇಲೆ 2019ರ ಆಗಸ್ಟ್ ಬಂತು. ಅಷ್ಟರಲ್ಲಿ ನಾನು ಟೀಚರ್ ಆಗಿದ್ದೆ.

ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವೂ ಬರದಿಂದಲೇ ಹುಟ್ಟಿದ್ದು. 1988ರಲ್ಲಿ ಬರ ನೋಡಿಕೊಳ್ಳಲು ಒಂದು ಘಟಕವಾಗಿ ಶುರುವಾಯಿತು. ಈಗ ಯಲಹಂಕದಲ್ಲಿ ಇರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದೇ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅವರ ಮಳೆ ಮಾಪಕಗಳಿವೆ, ರಾಜ್ಯದಲ್ಲಿ 6 ಸಾವಿರಕ್ಕೂ ಜಾಸ್ತಿ. ಎಷ್ಟೋ ಊರಲ್ಲಿ ಪಂಚಾಯಿತಿ ಮಾಳಿಗೆಯ ಮೇಲೋ ಅಂಗಳದಲ್ಲೋ ಸೋಲಾರ್ ಫಲಕ ಇರುವ ಒಂದು ಡಬ್ಬಿ ನೋಡಿರುತ್ತೀರಿ. ಅದು ತನ್ನಷ್ಟಕ್ಕೆ ತಾನೇ ಅಳೆದು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತದೆ. ಇಷ್ಟು ಒತ್ತಾಗಿ ಮಳೆ ಅಳೆಯುವ ರಾಜ್ಯ ನಮ್ಮ ದೇಶದಲ್ಲಿ ಅಪರೂಪ. ಅವರದೇ ವರುಣಮಿತ್ರ ಸಹಾಯವಾಣಿ ಇದೆ, 92433 45433. ಇದನ್ನು ನಾನು ತರಗತಿಯ ಗೋಡೆಯ ಮೇಲೆ ಬರೆಸಿದ್ದೇನೆ. ಬಿತ್ತನೆಗೆ ಮೊದಲು ಅಪ್ಪಂದಿರ ಕೈಯಲ್ಲಿ ಫೋನ್ ಮಾಡಿಸಿ ಅಂತ ಮಕ್ಕಳಿಗೆ ಹೇಳುತ್ತೇನೆ.

ಹಾಗಾದರೆ ನಾವೂ ಬಾಟಲಿ ಇಟ್ಟು ಮಳೆ ಅಳೆಯುವುದು ಯಾಕೆ? ಮಕ್ಕಳು ತಾವು ಅಳೆದ ಮಳೆಯನ್ನು ಮರೆಯುವುದಿಲ್ಲ, ಅದಕ್ಕೆ.

ನೆಟ್ಟಗಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಕತ್ತು ಕೊಯ್ದು, ಅದನ್ನೇ ತಲೆಕೆಳಗೆ ಮಾಡಿ ಕೊಳವೆಯ ಹಾಗೆ ಮೇಲೆ ಕೂರಿಸಬೇಕು. ತಳ ಸಪಾಟಾಗಿರುವುದಿಲ್ಲ, ಹಾಗಾಗಿ ಸಣ್ಣ ಹರಳು ಹಾಕಿ, ಒಂದು ಗೆರೆಯವರೆಗೆ ನೀರು ತುಂಬಿ, ಅದನ್ನೇ ಸೊನ್ನೆ ಅಂತ ಹಿಡಿಯಬೇಕು. ಹೊರಗೆ ಸ್ಕೇಲ್ ಅಂಟಿಸಿದರೆ ಮುಗಿಯಿತು. ಬಾಯಿಯ ಅಗಲ ಮತ್ತು ಬಾಟಲಿಯ ಅಗಲ ಒಂದೇ ಇದ್ದರೆ ಸ್ಕೇಲಿನ ಮಿಲಿಮೀಟರೇ ಮಳೆಯ ಮಿಲಿಮೀಟರ್. ಗಿಡ, ಗೋಡೆಗಳಿಂದ ದೂರ ಇಡಬೇಕು. ಇಲ್ಲದಿದ್ದರೆ ಎಲೆಯಿಂದ ಸೋರಿದ್ದೂ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ 8.30ಕ್ಕೆ ನೋಡಿ ಬರೆದು ಖಾಲಿ ಮಾಡಬೇಕು. ಹವಾಮಾನ ಇಲಾಖೆಯವರೂ ದಿನದ ಮಳೆಯನ್ನು ಅದೇ ಹೊತ್ತಿಗೆ ಲೆಕ್ಕ ಹಾಕುತ್ತಾರೆ.

ಮೊದಲ ಬಾಟಲಿ ನಮ್ಮ ಶಾಲೆಯಲ್ಲಿ. ಎರಡನೆಯದು ಕುಂದಗೋಳ ಕಡೆ ಇರುವ ನನ್ನ ತಂಗಿಯ ಮನೆಯಲ್ಲಿ. ಮೂರನೆಯದು ಹುಬ್ಬಳ್ಳಿಯ ಹೊರಗೆ, ನನ್ನ ಜೊತೆ ಬಿ.ಎಡ್. ಓದಿದ ಗೆಳತಿಯ ಮನೆಯ ಮೇಲೆ. ಆಮೇಲೆ ಹಳ್ಳದ ದಾರಿಯಲ್ಲಿ ಇನ್ನೂ ನಾಲ್ಕು ಜನ ಸೇರಿದರು. ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ಆಶಾ ಕಾರ್ಯಕರ್ತೆ, ಇಬ್ಬರು ರೈತರು. ವಾಟ್ಸಾಪ್ ಗುಂಪಿಗೆ 'ಹಳ್ಳ ಬಂತು' ಅಂತಲೇ ಹೆಸರಿಟ್ಟೆವು. ಗುಂಪಿಗೆ ಒಂದೇ ಕಟ್ಟುನಿಟ್ಟು: ಗುಡ್ ಮಾರ್ನಿಂಗ್ ಹಾಕುವಂತಿಲ್ಲ. ಮಳೆಯ ಫೋಟೊ, ಹೊತ್ತು, ಅಷ್ಟೇ. ಜೋರು ಮಳೆ ಬಿದ್ದಾಗ ಬೆಳಗಿನವರೆಗೆ ಕಾಯದೆ ಆಗಲೇ ಬಾಟಲಿಯ ಫೋಟೊ ಹಾಕಬೇಕು.

ನಮ್ಮೂರಲ್ಲಿ ಅಳತೆಗೋಲು ಬೇಕಾಗಿತ್ತು. ಫೂಲಿನ, ಅಂದರೆ ಸೇತುವೆಯ, ಕಂಬಕ್ಕೆ ಅಡಿ ಗುರುತಿನ ಬಣ್ಣ ಬಳಿದೆವು, ಪಂಚಾಯಿತಿಯವರು ಬಣ್ಣ ಕೊಡಿಸಿದರು. ಆದರೆ ರಾತ್ರಿ ಫೂಲಿನ ಕಂಬ ನೋಡಲು ಯಾರು ಹೋಗುತ್ತಾರೆ? ಹೋಗಲೂಬಾರದು. ಅದಕ್ಕೆ ಊರಿಗೆಲ್ಲ ಗೊತ್ತಿರುವ ಗುರುತುಗಳನ್ನು ಹಿಡಿದೆವು. ಹಣಮಪ್ಪನ ಗುಡಿಗೆ ಹಳ್ಳದ ಕಡೆಯಿಂದ ಒಂಬತ್ತು ಮೆಟ್ಟಿಲಿವೆ. ಕೆಳಗಿನ ಮೆಟ್ಟಿಲಿಗೆ ನೀರು ಬಂದರೆ ದಂಡೆಯ ಹೊಲದವರು ಎದ್ದು ಬರಬೇಕು. ಮೂರನೆಯದಕ್ಕೆ ಬಂದರೆ ಸಣ್ಣ ಫೂಲ್ ಮುಳುಗಿತು ಅಂತ ತಿಳಿಯಬೇಕು. ಐದು ದಾಟಿದರೆ ಕೆಳಗಿನ ಓಣಿಗೆ ನೀರು. ಇದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು. ನಾವು ಮಾಡಿದ್ದು ಮೆಟ್ಟಿಲಿಗೂ ಬಾಟಲಿಗೂ ನಂಟು ಹುಡುಕಿದ್ದು.

ಅದಕ್ಕೆ ಒಂದು ಉದ್ದನೆಯ ನೋಟುಬುಕ್ ಇದೆ. ತಾರೀಕು, ಮಳೆ ನಕ್ಷತ್ರ, ಮೇಲಿನ ಯಾವ ಊರಲ್ಲಿ ಎಷ್ಟು ಬಿತ್ತು, ಎಷ್ಟು ಹೊತ್ತಿಗೆ ಬಿತ್ತು, ಹೊಲದ ಬಿರುಕು ಮುಚ್ಚಿದೆಯೋ ಇಲ್ಲವೋ, ನೀರು ಯಾವ ಮೆಟ್ಟಿಲಿಗೆ ಬಂತು, ಯಾವಾಗ ಬಂತು. ಬಿರುಕಿನ ಕಾಲಂ ಸೇರಿಸಿದ್ದು ಎಂಟನೇ ತರಗತಿಯ ಒಬ್ಬ ಹುಡುಗಿ. "ಟೀಚರ, ಹೋದ ತಿಂಗಳ ಇಷ್ಟ ಮಳಿಗೆ ಹಳ್ಳ ಬಂದಿದ್ದಿಲ್ರೀ, ಈಗ ಯಾಕ ಬಂತ್ರೀ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿತ್ತು. ಆದರೆ ಈ ಪ್ರಶ್ನೆಯನ್ನು ನೋಟುಬುಕ್ಕಿನಲ್ಲಿ ಇಡಬೇಕು ಅಂತ ಹೊಳೆದಿರಲಿಲ್ಲ. ದೊಡ್ಡ ದೊಡ್ಡ ಕಂಪ್ಯೂಟರ್ ಮಾದರಿಗಳಲ್ಲೂ ನೆಲ ಮೊದಲೇ ಎಷ್ಟು ಹಸಿಯಾಗಿದೆ ಅನ್ನುವುದು ಬಹಳ ಮುಖ್ಯ. ಈ ಮಗು ಅದನ್ನು ಹೊಲ ನೋಡಿ ಕಂಡುಕೊಂಡಿತು.

ಮೂರು ಮಳೆಗಾಲ ಬರೆದ ಮೇಲೆ ಒಂದು ಹದ ಸಿಕ್ಕಿತು. ನೆಲ ಹಸಿ ಇದ್ದು, ಮೇಲಿನ ಎರಡು ಮೂರು ಬಾಟಲಿಯಲ್ಲಿ ಒಂದೇ ಸಂಜೆ 40ಕ್ಕಿಂತ ಜಾಸ್ತಿ ಬಂದರೆ, ಏಳೆಂಟು ತಾಸಿಗೆ ನಮ್ಮಲ್ಲಿ ಕೆಳಗಿನ ಮೆಟ್ಟಿಲು ಮುಳುಗುತ್ತದೆ. ಇದು ನಮ್ಮ ಊರಿನ ಲೆಕ್ಕ. ಪಕ್ಕದ ಊರಿಗೆ ಇದು ನಡೆಯುವುದಿಲ್ಲ, ಅವರ ಮೆಟ್ಟಿಲು ಬೇರೆ, ಅವರ ದಂಡೆ ಬೇರೆ. ಅವರದನ್ನು ಅವರೇ ಬರೆಯಬೇಕು. ಆದರೆ ಏಳೆಂಟು ತಾಸು ಅಂದರೆ ಎಷ್ಟು ಅಂತ ಯೋಚಿಸಿ ನೋಡಿ. ಎತ್ತು ಬಿಚ್ಚಲು ಎರಡು ನಿಮಿಷ ಸಾಕು.

ನನ್ನ ಹಳೆಯ ಶಿಷ್ಯೆಯೊಬ್ಬಳು ಮದುವೆಯಾಗಿ ಹೊಳೆಆಲೂರು ಕಡೆ ಇದ್ದಾಳೆ. ಅಲ್ಲಿ ಮಲಪ್ರಭೆ. ಅವರಿಗೆ ನವಿಲುತೀರ್ಥದ ಡ್ಯಾಮಿನಿಂದ ಇಷ್ಟು ಸಾವಿರ ಕ್ಯುಸೆಕ್ ಬಿಟ್ಟಿದ್ದಾರೆ ಅನ್ನುವ ಸುದ್ದಿ ಬರುತ್ತದೆ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 10 ಸಾವಿರ ಕ್ಯುಸೆಕ್ ಅಂದರೆ ಸೆಕೆಂಡಿಗೆ 56 ಟ್ಯಾಂಕರ್ ನೀರು. ಅವಳಿಗೂ ಇದೇ ಹೇಳಿದ್ದೇನೆ: ಪ್ರತಿ ಸಲ ಎಷ್ಟು ಬಿಟ್ಟರು, ನಿಮ್ಮೂರಲ್ಲಿ ಎಲ್ಲಿಯವರೆಗೆ ಬಂತು, ಎಷ್ಟು ತಾಸಿಗೆ ಬಂತು, ಬರೆದಿಡು. ಡ್ಯಾಮಿನ ಲೆಕ್ಕ ಪಕ್ಕಾ ಇರುತ್ತದೆ. ಅವರ ಕೆಲಸ ನಮ್ಮದಕ್ಕಿಂತ ಸುಲಭ.

ಒಂದು ಸಲ ನಾವು ಸೋತೆವು. ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ಆ ವರ್ಷ ಶ್ರಾವಣವೆಲ್ಲ ಒಣಗಿತ್ತು. ಉತ್ತರಿ ಮಳೆಯಲ್ಲಿ ನಾಲ್ಕು ದಿನ ಸಣ್ಣಗೆ ಹನಿದು ಬಿರುಕು ಮುಚ್ಚಿತು. ಐದನೆಯ ಸಂಜೆ ಮೇಲೆ ಜೋರಾಗಿ ಸುರಿಯಿತು, ಒಂದು ಬಾಟಲಿಯಲ್ಲಿ 55. ನಾನು ಊರಿಗೆ ಫೋನ್ ಮಾಡಿದೆ. ಗುಡಿಯ ಮೈಕಿನಲ್ಲಿ ಕೂಗಿದರು. ಕೆಳಗಿನ ಓಣಿಯವರು ಕಾಳಿನ ಚೀಲ ಹೊತ್ತು, ಆಡು, ಕೋಳಿ ಹಿಡಿದುಕೊಂಡು ಶಾಲೆಗೆ ಬಂದು ಕೂತರು. ರಾತ್ರಿಯೆಲ್ಲ ಕಾದರು. ಹಳ್ಳ ಬರಲಿಲ್ಲ. ಬೆಳಗ್ಗೆ ನೋಡಿದರೆ ಒಂದೂವರೆ ಅಡಿ ಏರಿತ್ತು, ಅಷ್ಟೇ. "ಏನ್ರೀ ಟೀಚರ, ನಿಮ್ಮ ಹಳ್ಳ ಎಲ್ಲಿ ಹೋತ್ರೀ?" ಅಂತ ಒಬ್ಬರು ಕೇಳಿದರು. ಸಿಟ್ಟಿನಿಂದಲೇ ಕೇಳಿದರು. ಅವರ ಸಿಟ್ಟು ಸರಿಯಾಗಿತ್ತು. ಒಂದು ದಿನದ ಕೂಲಿ ಹೋಗಿತ್ತು, ಮಕ್ಕಳು ನಿದ್ದೆ ಕೆಟ್ಟಿದ್ದರು.

ಮೇಲಿನ ಊರುಗಳಿಗೆ ಫೋನ್ ಮಾಡಿ ವಿಚಾರಿಸಿದೆ. ಕೆರೆಗಳು, ಹೊಲಗಳಲ್ಲಿ ತೋಡಿದ ಕೃಷಿ ಹೊಂಡಗಳು ಎಲ್ಲ ಬರಿದಾಗಿದ್ದವು. ಬಿದ್ದ ನೀರಿನಲ್ಲಿ ದೊಡ್ಡ ಪಾಲು ಅಲ್ಲಿಯೇ ನಿಂತಿತ್ತು. ಮರುದಿನ ಸಂಜೆ ಗುಡಿಯ ಕಟ್ಟೆಗೆ ಹೋಗಿ ಎಲ್ಲರ ಮುಂದೆ ಇದನ್ನು ಬಿಡಿಸಿ ಹೇಳಿದೆ. ನಮ್ಮ ಲೆಕ್ಕದಲ್ಲಿ ಕೆರೆ ಇರಲಿಲ್ಲ, ಇನ್ನು ಮುಂದೆ ಇರುತ್ತದೆ ಅಂದೆ. ನೋಟುಬುಕ್ಕಿನಲ್ಲಿ 'ಮೇಲಿನ ಕೆರೆ ತುಂಬಿದೆಯಾ?' ಅನ್ನುವ ಕಾಲಂ ಅವತ್ತು ಸೇರಿತು. ಎಚ್ಚರಿಕೆ ಸುಳ್ಳಾದಾಗ ಸುಮ್ಮನಿದ್ದುಬಿಟ್ಟರೆ ಮುಂದಿನ ಸಲ ಯಾರೂ ಎದ್ದು ಬರುವುದಿಲ್ಲ. ಯಾಕೆ ಸುಳ್ಳಾಯಿತು ಅಂತ ಹೇಳಿದರೆ ಜನ ಕೇಳುತ್ತಾರೆ. ಅವತ್ತು ಕಾಕಾ ಎದ್ದು ನಿಂತು, "ಒಂದ ರಾತ್ರಿ ನಿದ್ದಿ ಹೋದ್ರ ಹೋಗ್ಲಿ ಬಿಡ್ರಿ" ಅಂದ. ಮತ್ತೆ ಯಾರೂ ಮಾತಾಡಲಿಲ್ಲ.

ಮಕ್ಕಳು ಒಂದು ಯಂತ್ರವನ್ನೂ ಮಾಡಿದರು. ಧ್ವನಿ ಕಳಿಸಿ, ಅದು ನೀರಿಗೆ ತಾಗಿ ಮರಳಿ ಬರುವ ಹೊತ್ತು ನೋಡಿ ದೂರ ಅಳೆಯುವ ಸಣ್ಣ ಸೆನ್ಸರ್. ನಮ್ಮ ಕಿವಿಗೆ ಕೇಳದ ಧ್ವನಿ ಅದು. ಫೂಲಿನ ಕೆಳಗೆ ಕಟ್ಟಿದರೆ ನೀರು ಏರಿದ ಹಾಗೆ ದೂರ ಕಡಿಮೆಯಾಗುತ್ತದೆ. ಶಾಲೆಯ ಬಕೆಟ್ಟಿನಲ್ಲಿ ಚೆನ್ನಾಗಿ ನಡೆಯಿತು. ಹಳ್ಳದಲ್ಲಿ ನಡೆಯಲಿಲ್ಲ. ಅದರ ಅಳತೆ 4 ಮೀಟರಿಗೆ ಮುಗಿಯುತ್ತದೆ, ನಮ್ಮ ಫೂಲ್ ಅದಕ್ಕಿಂತ ಎತ್ತರ. ಜೊತೆಗೆ ಜೇಡ ಬಲೆ ಕಟ್ಟಿತು. ಇದೇ ಕೆಲಸಕ್ಕೆ ರೇಡಾರ್ ಬಳಸುವ ಒಳ್ಳೆಯ ಯಂತ್ರಗಳಿವೆ, ದೊಡ್ಡ ನದಿಗಳ ಮೇಲೆ ಹಾಕಿರುತ್ತಾರೆ. ಬೆಣ್ಣಿಹಳ್ಳದಂಥ ಹಳ್ಳಗಳ ಮೇಲೂ ಮೂರು ನಾಲ್ಕು ಕಡೆ ಹಾಕಬೇಕು. ಇದು ನನ್ನ ಕೈಮುಗಿದು ಕೇಳುವ ಬೇಡಿಕೆ. ಮಳೆ ಅಳೆಯುವ ಡಬ್ಬಿ ಪಂಚಾಯಿತಿಗಳಲ್ಲಿ ಇದೆ. ಹಳ್ಳ ಅಳೆಯುವ ಕಣ್ಣೂ ಬೇಕು ಅಲ್ವಾ?

ಸುದ್ದಿ ಬಂದ ಮೇಲೆ ಅದನ್ನು ಮುಟ್ಟಿಸುವ ಕೆಲಸ ಬೇರೆಯೇ. ಮಳೆ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಮೈಕ್ ಇಲ್ಲ. ಈಗ ಗುಡಿಗೂ ಮಸೀದಿಗೂ ಒಂದೊಂದು ಬ್ಯಾಟರಿ ಇಟ್ಟಿದ್ದೇವೆ. ಅದೂ ಕೈಕೊಟ್ಟರೆ ಡಂಗುರ ಇದ್ದೇ ಇದೆ. ಕೆಳಗಿನ ಓಣಿಯಲ್ಲಿ ಕಿವಿ ಕೇಳದ ಒಬ್ಬ ಆಯಿ ಇದ್ದಾಳೆ. ಹಾಸಿಗೆ ಹಿಡಿದವರು ಇಬ್ಬರು. ಬಾಣಂತಿ ಇರುತ್ತಾಳೆ, ಪ್ರತಿ ವರ್ಷ ಬೇರೆ ಬೇರೆ ಮನೆಯಲ್ಲಿ. ಇಂಥ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಇಟ್ಟುಕೊಂಡಿದ್ದಾಳೆ. ಪ್ರತಿ ಮನೆಗೆ ಯಾರು ಹೋಗಬೇಕು ಅಂತ ಗೊತ್ತಾಗಿದೆ. ಆಯಿಯನ್ನು ಎಬ್ಬಿಸುವುದು ಪಕ್ಕದ ಮನೆಯ ಹುಡುಗನ ಪಾಲಿಗೆ ಬಂದಿದೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ತೀರಿಕೊಂಡರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರು ಐವತ್ತರ ಆಸುಪಾಸು. ನಡುವೆ ಉಪಗ್ರಹ, ರೇಡಾರ್ ಎಲ್ಲ ಸುಧಾರಿಸಿದ್ದವು, ನಿಜ. ಆದರೆ ಅವತ್ತು ಲಕ್ಷಾಂತರ ಜನರನ್ನು ಮನೆಯಿಂದ ಎಬ್ಬಿಸಿ ಆಶ್ರಯ ಕಟ್ಟಡಕ್ಕೆ ಕರೆದುಕೊಂಡು ಹೋದವರು ಊರಿನ ಜನರೇ. ಆ ಲೆಕ್ಕದಲ್ಲಿ ನಮ್ಮ ಪಕ್ಕದ ಮನೆಯ ಹುಡುಗನೂ ಒಂದು ರೇಡಾರಿನಷ್ಟೇ ಮುಖ್ಯ.

2023ರ ಅಕ್ಟೋಬರ್ 12 ನೆನಪಿದೆಯಾ? ಕರ್ನಾಟಕದಲ್ಲಿ ಫೋನುಗಳೆಲ್ಲ ಒಮ್ಮೆಲೇ ಜೋರಾಗಿ ಕಿರುಚಿಕೊಂಡ ದಿನ. ದಸರಾ ರಜೆಗೆ ನಾನು ಊರಲ್ಲಿದ್ದೆ, ಕಾಕಾನ ಮನೆಯ ಪಡಸಾಲೆಯಲ್ಲಿ. ನನ್ನ ಫೋನ್ ಕೂಗಿದ್ದಕ್ಕೆ ಕಾಕಾ ಗಾಬರಿಯಾದ. ಅದು ತುರ್ತು ಎಚ್ಚರಿಕೆಯ ಪರೀಕ್ಷೆ. ಎಸ್‌ಎಂಎಸ್ ಹಾಗೆ ಒಂದೊಂದೇ ನಂಬರಿಗೆ ಹೋಗುವುದಲ್ಲ ಅದು, ಟವರ್ ತನ್ನ ಸುತ್ತ ಇರುವ ಫೋನುಗಳಿಗೆಲ್ಲ ಒಟ್ಟಿಗೆ ಕೂಗುತ್ತದೆ. ಹಾಗಾಗಿ ಜನ ಜಾಸ್ತಿ ಇದ್ದರೂ ದಾರಿ ಕಟ್ಟಿಕೊಳ್ಳುವುದಿಲ್ಲ. ಬೇಕಾದ ಟವರುಗಳಿಗೆ ಮಾತ್ರ ಕಳಿಸಲೂಬಹುದು. ಹಳ್ಳದ ದಂಡೆಯ ಊರುಗಳ ಟವರಿಗೆ ಮಾತ್ರ, ರಾತ್ರಿ ಹತ್ತಕ್ಕೆ, "ಬೆಣ್ಣಿಹಳ್ಳ ಬರುತ್ತಿದೆ, ಹೊಲದಿಂದ ಏಳಿ" ಅಂತ ಆ ಸದ್ದಿನೊಂದಿಗೆ ಬಂದರೆ? ನನಗೆ ಮೈ ಜುಮ್ಮೆಂದಿತು. ಆದರೆ ಕಾಕಾನ ಕೀಪ್ಯಾಡ್ ಫೋನ್ ಸುಮ್ನೆ ಇತ್ತು. ಅದನ್ನೂ ನೋಡಿಕೊಂಡೆ.

ನಮ್ಮ ಕಡೆ ಹಳ್ಳಕ್ಕಿಂತ ಸದ್ದಿಲ್ಲದೆ ಬರುವ ಅಪಾಯ ಇನ್ನೊಂದಿದೆ, ಮೇಲ್ಮುದ್ದಿ, ಅಂದರೆ ಮಣ್ಣು ಹೊದಿಸಿದ ಮಾಳಿಗೆ. ಮಣ್ಣಿನ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ಎಷ್ಟು ತಂಪು ಅಂತ ಅಲ್ಲಿ ಮಲಗಿದವರಿಗೇ ಗೊತ್ತು. ನಾನು ಆ ಮನೆಯಲ್ಲೇ ಬೆಳೆದವಳು, ಅದನ್ನು ಬೈಯುವುದಿಲ್ಲ. ಆದರೆ ಜಡಿಮಳೆ ಹಿಡಿದರೆ ಅದು ಹೆದರಿಸುತ್ತದೆ. ಮಕ್ಕಳ ಜೊತೆ ಲೆಕ್ಕ ಹಾಕಿದೆವು. 10 ಅಡಿಗೆ 12 ಅಡಿಯ ಕೋಣೆ, ಒಂದು ಅಡಿ ದಪ್ಪ ಮಣ್ಣು. ಒಣಗಿದ್ದಾಗಲೇ ಐದು ಟನ್ ಮೇಲೆ. ಚೆನ್ನಾಗಿ ನೆನೆದರೆ ಇನ್ನೂ ಒಂದು ಟನ್ ಹತ್ತಿರ ಸೇರುತ್ತದೆ. ಎರಡು ದೊಡ್ಡ ಎತ್ತು ಮಾಳಿಗೆ ಹತ್ತಿ ನಿಂತಷ್ಟು. ಸೋರುತ್ತದೆ ಅಂತ ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಹತ್ತು ವರ್ಷಕ್ಕೆ ಒಂದಡಿ ಇದ್ದದ್ದು ಒಂದೂವರೆ ಆಗಿರುತ್ತದೆ. ಕೆಳಗಿನ ಜಂತಿಗಳು ಅವೇ, ಅಜ್ಜನ ಕಾಲದವು. ಜಂತಿಯ ತುದಿ ಗೋಡೆಯೊಳಗೆ ಇರುವ ಕಡೆ ನೀರು ಇಳಿದು ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಹೊರಗೆ ಕಾಣುವುದಿಲ್ಲ.

ಇದಕ್ಕೆ ದೊಡ್ಡ ಯಂತ್ರ ಬೇಡ. ಮೇ ತಿಂಗಳಲ್ಲಿ ಜಂತಿಯ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಸಲೀಸಾಗಿ ಒಳಗೆ ಹೋದರೆ ಆ ಜಂತಿ ಮುಗಿದಿದೆ. ಹಳೆಯ ಮಣ್ಣು ಕೆರೆದು ತೆಗೆದು ಆಮೇಲೆ ಹೊಸದು ಹಾಕಬೇಕು. ಮಾಳಿಗೆಯ ನೀರು ಹೊರಗೆ ಬೀಳುವ ದೋಣಿಯ ಬಾಯಿ ಕಟ್ಟಿದ್ದರೆ ಬಿಡಿಸಬೇಕು, ಇಲ್ಲದಿದ್ದರೆ ಮಾಳಿಗೆಯೇ ಕೆರೆಯಾಗುತ್ತದೆ. ಮಳೆ ಮೂರು ದಿನ ಬಿಡದೆ ಹೊಡೆದರೆ ನಾಲ್ಕನೆಯ ರಾತ್ರಿ ಆ ಕೋಣೆಯಲ್ಲಿ ಮಲಗಬಾರದು. ಮೇಲಿಂದ ಸಣ್ಣಗೆ ಮಣ್ಣು ಉದುರಿದರೆ, ಕಟಕಟ ಅಂದರೆ, ಸಾಮಾನು ಹುಡುಕದೆ ಹೊರಗೆ ಬರಬೇಕು. ಪತ್ರಿಕೆಯಲ್ಲಿ ಗೋಡೆ ಕುಸಿದು ಸಾವು ಅಂತ ಓದಿದಾಗಲೆಲ್ಲ ಈ ನಾಲ್ಕನೆಯ ರಾತ್ರಿ ನೆನಪಾಗುತ್ತದೆ.

ಸಿಡಿಲಿನ ಮಾತು ಇನ್ನೊಮ್ಮೆ ಬರೆಯುತ್ತೇನೆ. ಕುರಿ ಕಾಯುವ ಮನೆಯ ಮಕ್ಕಳಿಗೆ ಇಷ್ಟು ಕಲಿಸಿದ್ದೇನೆ: ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಮಿಂಚು ಹತ್ತು ಕಿಲೋಮೀಟರಿನೊಳಗೆ ಇದೆ, ಆಗಲೇ ಪಕ್ಕಾ ಮನೆಯೊಳಗೆ ಸೇರಬೇಕು. ಒಂಟಿ ಗಿಡದ ಕೆಳಗೆ ಬೇಡವೇ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ತಾಸಾದ ಮೇಲೆ ಹೊರಗೆ. ಪುಣೆಯ ವಿಜ್ಞಾನಿಗಳು ಮಾಡಿದ ದಾಮಿನಿ ಅನ್ನುವ ಆ್ಯಪ್ ಹತ್ತಿರದ ಸಿಡಿಲು ತೋರಿಸುತ್ತದೆ. ಫೋನ್ ಇರುವ ಕುರಿಗಾಹಿಗಳಿಗೆ ಹಾಕಿಕೊಟ್ಟಿದ್ದೇವೆ.

ಕಾಕಾ ಮತ್ತೆ ಎತ್ತು ಕೊಂಡಿದ್ದಾನೆ. ಬಿಳಿಯವು, ಒಂದಕ್ಕೆ ಹಣೆಯಲ್ಲಿ ಕಂದು ಚುಕ್ಕಿ. ಈಗ ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತಾನೆ. ಗೂಟವನ್ನು ಗುಡಿಸಲಿನ ಬಾಗಿಲಿಗೆ ತಂದಿದ್ದಾನೆ. ಮಳೆಗಾಲದ ರಾತ್ರಿ ಒಂಬತ್ತಕ್ಕೆ ತಪ್ಪದೆ ನನಗೆ ಫೋನ್ ಮಾಡುತ್ತಾನೆ. ಉಂಡಿಯಾ ಅಂತ ಕೇಳುವ ಮೊದಲೇ "ಯವ್ವಾ, ಮ್ಯಾಲೆ ಎಷ್ಟ ಬಿದ್ದೈತಿ?" ಅನ್ನುತ್ತಾನೆ. ನಾನು ಅಂಕಿ ಹೇಳುತ್ತೇನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಒಂದನೇ ಮೆಟ್ಲಾ" ಅಂತ ತಾನೇ ಲೆಕ್ಕ ಹಾಕುತ್ತಾನೆ.

ಇವತ್ತು ಇನ್ನೂ ಎಂಟೂಮುಕ್ಕಾಲು. ಈಗಷ್ಟೇ ತಂಗಿಯ ಬಾಟಲಿಯ ಫೋಟೊ ಬಂತು. 38, ಇನ್ನೂ ಸುರಿಯುತ್ತಿದೆಯಂತೆ. ಬಿರುಕು ಮುಚ್ಚಿ ವಾರವಾಯಿತು. ಮೇಲಿನ ಕೆರೆ ತುಂಬಿದೆ. ಕಾಕಾ ಫೋನ್ ಮಾಡುವವರೆಗೆ ಕಾಯುವುದು ಬೇಡ, ನಾನೇ ಮಾಡುತ್ತೇನೆ.